ಪಟ್ಟಿಯಲ್ಲಿಲ್ಲದ ಸಾಕ್ಷಿ

ಯಾರಾದರೂ ನನ್ನನ್ನು ಅಂಜುಬುರುಕ ಎಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ತೊಂಬತ್ತರ ದಶಕದ ಕೊನೆಯ ಎರಡು ವರ್ಷ ನಾನು ಬೇರೇನೂ ಆಗಿರಲಿಲ್ಲ. ಪುಣೆಯ ಸದಾಶಿವ ಪೇಠೆಯ ನಮ್ಮ ಮನೆಯ ಬಾಗಿಲಿಗೆ ಖಾಕಿ ತೊಟ್ಟ ಅಂಚೆಯವನು ಬಂದರೂ ಒಳಕೋಣೆಗೆ ಹೋಗಿ ಕೂರುತ್ತಿದ್ದೆ.

ನಡೆದದ್ದು ಇಷ್ಟೇ. ಸಾಸವಡದಲ್ಲಿ ಅವ್ವ ಒಂದು ಬುಟ್ಟಿ ಸೀತಾಫಲ ಕೊಂಡಿದ್ದಳು. ಕಾರು ಓಡಿಸುತ್ತಿದ್ದವನು ನಾನು, ಹಿಂದಿನ ಸೀಟಿನಲ್ಲಿ ಅವ್ವ, ನನ್ನ ಪಕ್ಕದಲ್ಲಿ ಬುಟ್ಟಿ. ಪುಣೆಗೆ ಬರುವ ದಾರಿಯಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಒಂದು ಹಣ್ಣು ಉರುಳಿ ನನ್ನ ಕಾಲ ಬಳಿ ಬಿತ್ತು. ಬ್ರೇಕಿನ ಕೆಳಗೆ ಸಿಕ್ಕಿಕೊಂಡೀತೆಂದು ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ಸದ್ದಾಯಿತು. ಜಲ್ಲಿಕಲ್ಲಿನ ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದ ಕೂಲಿಯವನೊಬ್ಬ ಕಾರಿನ ಮುಂದೆ ಬಿದ್ದಿದ್ದ. ನಾವೇ ಅವನನ್ನು ದವಾಖಾನೆಗೆ ಒಯ್ದೆವು. ಮೂರನೆಯ ದಿನ ಅವನ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದರು.

ಅವನು ಪರಿಹಾರ ಕೇಳಿ ಅಪಘಾತ ಪರಿಹಾರದ ಕೋರ್ಟಿಗೆ ಹೋದ. ನನ್ನ ವಕೀಲರು ಲೆಕ್ಕವನ್ನು ಸರಳವಾಗಿ ಬಿಡಿಸಿ ಹೇಳಿದರು. ತಪ್ಪು ಕಾರು ಓಡಿಸಿದವನದು ಎಂದಾದರೆ ವಿಮೆ ಕಂಪನಿ ಅವನಿಗೆ ಪರಿಹಾರ ಕೊಡುತ್ತದೆ. ಅವನದೇ ತಪ್ಪು ಎಂದಾದರೆ ಅವನಿಗೆ ಏನೂ ಇಲ್ಲ. ಆದರೆ ನನ್ನ ಮೇಲೆ ಪೊಲೀಸರ ಕೇಸು ಬೇರೆ ಇತ್ತು. ಇಲ್ಲಿ ತಪ್ಪೊಪ್ಪಿಕೊಂಡರೆ ಆ ಮಾತು ಅಲ್ಲಿಗೂ ಬರುತ್ತದೆ, ಜೈಲೂ ಆಗಬಹುದು ಎಂದರು. ಜೈಲು ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಉಳಿದದ್ದೇನೂ ನನಗೆ ಕೇಳಿಸಲಿಲ್ಲ.

ಅವರು ನನಗೆ ಮರಾಠಿಯ ಒಂದು ವಾಕ್ಯ ಬಾಯಿಪಾಠ ಮಾಡಿಸಿದರು. "ತೊ ಅಚಾನಕ್ ಸಮೋರ್ ಆಲಾ." ಅವನು ಇದ್ದಕ್ಕಿದ್ದಂತೆ ಎದುರಿಗೆ ಬಂದ. ಸ್ನಾನ ಮಾಡುವಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಜೊತೆಗೆ ಎರಡು ಕಟ್ಟಪ್ಪಣೆಗಳಿದ್ದವು: ದವಾಖಾನೆಯ ಕಡೆ ಯಾರೂ ಸುಳಿಯಕೂಡದು, ಮತ್ತು ಕಾರಿನಲ್ಲಿ ನಿಮ್ಮ ತಾಯಿ ಇದ್ದರೆಂಬುದು ಎಲ್ಲೂ ಬರಕೂಡದು.

ಮೊದಲನೆಯದನ್ನಷ್ಟೇ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ, "ಬ್ಯಾನಿ ಬಿದ್ದವರನ್ನ ಮಾತಾಡಿಸಿಕೊಂಡು ಬರೋದು ಬ್ಯಾಡಂದ್ರ ಅದೆಂಥಾ ವಕೀಲಕಿನೋ," ಎಂದಳು. ನಮ್ಮ ವಿಜಾಪುರದ ಕಡೆ ಶತ್ರು ಮಲಗಿದ್ದರೂ ಹೋಗಿ ಮಾತಾಡಿಸಿ ಬರುವುದು ವಾಡಿಕೆ. ಆ ಕೂಲಿಯವನೂ ಅವನ ಹೆಂಡತಿಯೂ ಕಲಬುರ್ಗಿ ಕಡೆಯವರು, ಕನ್ನಡದವರು ಎಂದು ತಿಳಿದ ಮೇಲಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ. ವಾರಕ್ಕೆರಡು ಸಲ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುತ್ತಿದ್ದಳು. ಅಲ್ಲಿ ಏನು ಮಾತಾಡುತ್ತಾಳೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಸಾಕ್ಷಿ ನುಡಿಯುವ ದಿನ ಬೇಡವೆಂದರೂ ಅವ್ವ ಡಬ್ಬಿ ಹಿಡಿದು ಕೋರ್ಟಿಗೆ ಬಂದಳು. ನನ್ನ ಪಕ್ಕ ಕೂಡಲಿಲ್ಲ. ಹಿಂದಿನ ಬೆಂಚಿನಲ್ಲಿ ಆ ಕೂಲಿಯವನ ಹೆಂಡತಿಯ ಪಕ್ಕ ಕೂತಳು. ನನ್ನ ವಕೀಲರು ಅವ್ವನನ್ನು ಹಿಂದೆ ನೋಡಿದವರಲ್ಲ, ನಾನೂ ತೋರಿಸಲಿಲ್ಲ.

ಮೊದಲು ಆ ಹೆಂಗಸನ್ನು ಕರೆದರು. ಅವಳಿಗೆ ಮರಾಠಿ ಬಾರದು. ಅವಳ ವಕೀಲರು ಗೊತ್ತು ಮಾಡಿದ್ದ ದುಭಾಷಿ ಬಂದಿರಲಿಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು, ಇಲ್ಲಿ ಯಾರಿಗಾದರೂ ಕನ್ನಡ ಬರುತ್ತದೆಯೇ ಎಂದು ಕೇಳಿದರು. ನಾನು ತಲೆ ತಗ್ಗಿಸಿ ಬೂಟು ನೋಡಿಕೊಂಡೆ. ಹಿಂದೆ ಬೆಂಚು ಕಿರುಗುಟ್ಟಿತು. ತಿರುಗದೆಯೇ ತಿಳಿಯಿತು, ಎದ್ದವಳು ಅವ್ವ.

ಮೂವತ್ತು ವರ್ಷ ಮಂಡಯಿ ಮಾರುಕಟ್ಟೆಯಲ್ಲಿ ಕಾಯಿಪಲ್ಯದವರ ಜೊತೆ ಚೌಕಾಸಿ ಮಾಡಿ ಕಲಿತ ಮರಾಠಿ ಅವಳದು. ಒಂದೊಂದು ಮಾತನ್ನೂ ತೂಕ ತಪ್ಪದಂತೆ ಇಳಿಸುತ್ತಾ ಹೋದಳು. ಕೊನೆಗೆ, ತಪ್ಪು ಕಾರಿನವನದೆಂದು ನಿನಗೆ ಹೇಗೆ ಗೊತ್ತು ಎಂದು ವಿಮೆ ಕಂಪನಿಯ ವಕೀಲರು ಕೇಳಿದರು. ಆ ಹೆಂಗಸು ಅವ್ವನ ಮುಖವನ್ನೇ ನೋಡುತ್ತಾ ಮೆಲ್ಲಗೆ, "ಈ ಅವ್ವಾರ ದವಾಖಾನ್ಯಾಗ ಹೇಳಿದ್ರು. ಮಗ ಹಣ್ಣು ತಗೊಳಾಕ ಬಗ್ಗಿದ್ದ, ಮುಂದ ನೋಡಲಿಲ್ಲ ಅಂತ," ಎಂದಳು.

ಬಾಗಿಲು ಎಷ್ಟು ದೂರವಿದೆ ಎಂದು ನೋಡಿದೆ. ಅವ್ವ ಅದನ್ನೂ ಮರಾಠಿಯಲ್ಲಿ ಹೇಳಿ, ನನ್ನತ್ತ ಬೆರಳು ತೋರಿಸಿ, ಅವನು ನನ್ನ ಮಗ, ಹಾಗೆಂದವಳು ನಾನೇ ಎಂದು ತನ್ನ ಕಡೆಯಿಂದ ಸೇರಿಸಿದಳು.

ವಿಮೆ ಕಂಪನಿಯ ವಕೀಲರೂ ನನ್ನ ವಕೀಲರೂ ಒಟ್ಟಿಗೆ ಎದ್ದು ನಿಂತರು. ನ್ಯಾಯಾಧೀಶರು ಅವ್ವನನ್ನು ಗದರಿಸಿ ಕೂರಿಸಿದರು. ಎದುರು ಪಕ್ಷದವನ ತಾಯಿ ದುಭಾಷಿಯಾಗುವಂತಿಲ್ಲ, ಈ ಹೇಳಿಕೆಯಷ್ಟನ್ನೂ ಹೊಡೆದು ಹಾಕಿ, ಬೇರೆ ದುಭಾಷಿಯನ್ನು ಕರೆಸಿ ಮತ್ತೊಂದು ತಾರೀಖಿಗೆ ಬರೆದುಕೊಳ್ಳೋಣ ಎಂದರು. ಕಾರು ಓಡಿಸಿದವನನ್ನು ಮಾತ್ರ ಇಂದೇ ಮಧ್ಯಾಹ್ನ ಕೇಳುತ್ತೇವೆ ಎಂದರು. ವಕೀಲರು ನನ್ನ ಭುಜ ತಟ್ಟಿ, ಬಚಾವಾದಿರಿ, ಆ ವಾಕ್ಯವೊಂದನ್ನು ಹೇಳಿಬಿಡಿ ಎಂದರು.

ಊಟದ ಹೊತ್ತಿಗೆ ಬೇವಿನ ಮರದ ಕೆಳಗೆ ಅವ್ವ ಡಬ್ಬಿ ಬಿಚ್ಚಿದಳು. ಊರುಗೋಲನ್ನು ಪಕ್ಕಕ್ಕಿಟ್ಟು ಹೆಂಡತಿಯ ಜೊತೆ ಕೂತಿದ್ದ ಆ ಕೂಲಿಯವನು ದೂರ ನಿಂತಿದ್ದ ನನ್ನನ್ನು ಕರೆದ. "ನೀವೂ ಬರ್ರಿ ಸಾವ್ಕಾರ್ರ, ಎರಡು ತುತ್ತು ಉಣ್ರಿ." ಒಂದು ರೊಟ್ಟಿ ಕೈಯಲ್ಲಿ ಹಿಡಿದೆ. ಅವನ ಮಡಿಚಿದ ಪಾಯಜಾಮದ ತುದಿಗೆ ಹೆಂಡತಿ ನೀಟಾಗಿ ಹೊಲಿಗೆ ಹಾಕಿದ್ದಳು. ನನಗೆ ಅವನ ಮೇಲೆ ಸಿಟ್ಟು ಬಂತು. ಅವನು ಬೈದಿದ್ದರೆ ನನ್ನ ಕೆಲಸ ಎಷ್ಟೋ ಹಗುರಾಗುತ್ತಿತ್ತು.

ಕಟಕಟೆಯಲ್ಲಿ ವಕೀಲರು ಕೇಳಿದರು, ನಾನು ಬಾಯಿ ತೆರೆದೆ. "ತೊ ಅಚಾನಕ್" ಎಂಬಷ್ಟು ಬಂತು. ಮುಂದಿನದು ಬರಲಿಲ್ಲ. ಅಂಗಿ ಬೆನ್ನಿಗೆ ಅಂಟಿತ್ತು. ನನಗೆ ಜೈಲು ಕಾಣುತ್ತಿತ್ತು, ಅದರ ಕಂಬಿ, ವಾಸನೆ ಎಲ್ಲವೂ. ನ್ಯಾಯಾಧೀಶರು ಮುಂದೆ ಹೇಳಿ ಎಂದರು. ನಾನು ಕೆಳಗೆ ಬಗ್ಗಿದ್ದೆ, ಅವನನ್ನು ನೋಡಲೇ ಇಲ್ಲ ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ವಕೀಲರು ಪೆನ್ನಿನ ಮುಚ್ಚಳ ಹಾಕಿ ಕಿಟಕಿಯ ಹೊರಗೆ ನೋಡಿದರು.

ಅವನಿಗೆ ಪರಿಹಾರ ಬಂತು. ಪೊಲೀಸರ ಕೇಸು ಮುಂದೆ ದಂಡದಲ್ಲಿ ಮುಗಿಯಿತು. ಆದರೆ ಅದೆಲ್ಲ ಆ ದಿನ ನನಗೆ ಗೊತ್ತಿರಲಿಲ್ಲ. ರಿಕ್ಷಾದಲ್ಲಿ ಮನೆಗೆ ಬರುವಾಗ ಅಂಜಿಕೆಯೆಲ್ಲ ಸಿಟ್ಟಾಗಿ ಅವ್ವನ ಮೇಲೆ ಹರಿಹಾಯ್ದೆ. "ನೀ ಹೇಳಿದ್ದೆಲ್ಲಾ ಹೊಡದು ಹಾಕಿದ್ರು. ಒಂದಕ್ಷರಾನೂ ಬರಕೊಳ್ಳಲಿಲ್ಲ. ಎದ್ದು ನಿಂತು ಏನ್ ಸಾಧಿಸಿದಿ?"

ಖಾಲಿ ಡಬ್ಬಿ ಅವಳ ತೊಡೆಯ ಮೇಲಿತ್ತು. ಅದರ ಮುಚ್ಚಳ ಕಟಕಟ ಎನ್ನುತ್ತಿತ್ತು. ರಿಕ್ಷಾ ಕುಲುಕುತ್ತದೆ ಎಂದುಕೊಂಡಿದ್ದೆ, ಸಿಗ್ನಲ್ಲಿನಲ್ಲಿ ರಿಕ್ಷಾ ಎಂಜಿನ್ ಆರಿಸಿ ನಿಂತರೂ ಸದ್ದು ನಿಲ್ಲಲಿಲ್ಲ. ಅವಳ ಕೈ ನಡುಗುತ್ತಿತ್ತು.

"ಅವರು ಬರಕೊಳ್ಳಲಿ ಅಂತ ನಾ ಎಲ್ಲಿ ಎದ್ದಿದ್ದೆ," ಎಂದಳು. "ನೀ ಕೇಳಿದ್ಯಲ್ಲಪಾ, ಸಾಕು."