ಮಹಾಲಿಂಗಯ್ಯನ ಬಾಯಿ, ಬೇರೆಯವನ ದನಿ

ಸರ್ವಮಂಗಳಮ್ಮನಿಗೆ ಗಂಡನ ಮುಖ ಮರೆತಿರಲಿಲ್ಲ. ಗೋಡೆ ಮೇಲೆ ಫೋಟೋ ಇತ್ತು. ಮರೆಯುತ್ತಿದ್ದದ್ದು ದನಿ.

ಮಹಾಲಿಂಗಯ್ಯ ತೀರಿಕೊಂಡು ಎಂಟು ತಿಂಗಳು. ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದರು. ತುಮಕೂರು, ಗುಬ್ಬಿ, ಸಿ.ಎಸ್. ಪುರ, ಅದೇ ರಸ್ತೆ. ಊರೂರ ಹೆಸರು ಕೂಗಿ ಕೂಗಿ ಗಂಟಲು ಒಡೆದು ಹೋಗಿತ್ತು. ಬಿರುಕು ಬಿಟ್ಟ ಗಡಿಗೆಗೆ ತಟ್ಟಿದ ಹಾಗೆ ಮಾತು. ಇದ್ದಾಗ ಅವಳು, "ಮೆತ್ತಗೆ ಮಾತಾಡಿ, ಇದು ಬಸ್ಸಲ್ಲ" ಅಂತ ಸಿಡುಕುತ್ತಿದ್ದಳು. ಈಗ ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತು ನೆನೆಸಿಕೊಂಡರೆ ಆಡಿದ ಮಾತು ನೆನಪಿಗೆ ಬರುತ್ತಿತ್ತು, ದನಿ ಬರುತ್ತಿರಲಿಲ್ಲ.

ಹಾಗಿರುವಾಗ ಲಕ್ಷ್ಮೀಕಾಂತ್ ಮೇಷ್ಟ್ರು ಪಕ್ಕದ ಮನೆ ವನಜಾಕ್ಷಿಯ ಫೋನಿಗೆ ಫೋನ್ ಮಾಡಿದರು. ಅವರು ಕಾಲೇಜಿನಲ್ಲಿ ಪಾಠ ಹೇಳುವವರು. ಬಿಡುವಿದ್ದಾಗ ಸಿನಿಮಾ ಹುಚ್ಚು. ಹಿಂದಿನ ವರ್ಷ ಇಪ್ಪತ್ತು ನಿಮಿಷದ ಒಂದು ಚಿತ್ರಕ್ಕೆ ಮಹಾಲಿಂಗಯ್ಯನವರನ್ನು ಹುತ್ರಿದುರ್ಗದ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದರು. ಮೂರು ದಿನದ ಕೆಲಸ, ಮುದುಕನ ಪಾತ್ರ. ಚಿತ್ರ ಈಗ ಮುಗಿದಿದೆ, ಭಾನುವಾರ ಬೆಳಿಗ್ಗೆ ಕಾಲೇಜಿನ ಹಾಲ್‌ನಲ್ಲಿ ತೋರಿಸ್ತೀವಿ, ಬರಲೇಬೇಕು ಅಂದರು.

"ಅಕ್ಕಾ, ನೀನೀಗ ಆಕ್ಟರ್ ಹೆಂಡ್ತಿ ಕಣಕ್ಕ. ಒಂದ್ ಒಳ್ಳೆ ಸೀರೆ ಉಟ್ಕೋ," ಅಂದಳು ವನಜಾಕ್ಷಿ.

"ಸೀರೆ ಮನೆ ಹಾಳಾಗ್ಲಿ. ಅವರ ದನಿ ಕೇಳ್ಬೇಕು ಕಣೇ ನಂಗೆ."

ಇಬ್ಬರೂ ಹೋದರು. ಕಿಟಕಿಗೆ ಪರದೆ ಎಳೆದರು. ಮೊದಲು ಒಂದು ದೊಡ್ಡ ಬಂಡೆ ಕಂಡಿತು, ಅದರ ಬುಡದಲ್ಲಿ ಇರುವೆಯಂಥ ಮನುಷ್ಯ. ನಡಿಗೆ ನೋಡಿಯೇ ಅವಳಿಗೆ ಗೊತ್ತಾಯ್ತು. ಓಡುವ ಬಸ್ಸಿನಲ್ಲಿ ನಿಂತು ನಿಂತು ಕಾಲು ಅಗಲಿಸಿ ಹಾಕುವ ನಡಿಗೆ. ಮುಖ ಹತ್ತಿರ ಬಂತು. ಬಾಯಿ ತೆರೆಯಿತು.

"ನನಗಾಗಿ ಕಾಯಬೇಡ. ನೀನು ಊಟ ಮಾಡು."

ನುಣ್ಣನೆ ದನಿ. ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ.

"ಇದು ಯಾರೇ?"

"ಭಾವನೇ ಅಲ್ವೇನಕ್ಕ? ಸುಮ್ನೆ ನೋಡು."

"ಬಾಯಿ ಅವರ್ದು. ದನಿ ಯಾವನ್ದೋ."

ಆಮೇಲಿನದು ಅವಳು ನೋಡಿದಳು, ಅಷ್ಟೆ. ಬಾಗಿಲಲ್ಲಿ ಚಪ್ಪಲಿ. ಕಾಗೆ ಕೂಗಿತು. ಗಾಳಿ ಬಂದು ದೀಪ ಆರಿತು. ದಿನಾ ಸೀರಿಯಲ್ ನೋಡುವ ವನಜಾಕ್ಷಿ ಕಿವಿಯಲ್ಲಿ, "ಹೋದ್ರು ಬುಡು. ದೀಪ ಆರ್ತಲ್ಲ," ಅಂದಳು. ಕೊನೆಗೆ ಒಂದು ಖಾಲಿ ಕುರ್ಚಿ ತೋರಿಸಿದರು. ಎಷ್ಟು ಹೊತ್ತು ಅಂದರೆ ಯಾರೋ ಕೆಮ್ಮಿದರು.

ಲೈಟ್ ಹಾಕಿ ಮಾತು ಸುರುವಾಯ್ತು. ಸಾವನ್ನ ನೇರವಾಗಿ ತೋರಿಸಬಾರದು, ಅದಕ್ಕೇ ಖಾಲಿ ಕುರ್ಚಿ, ಅಂದರು ಮೇಷ್ಟ್ರು. ಬಂಡೆ ದೊಡ್ಡದು, ಮನುಷ್ಯ ಚಿಕ್ಕವನು, ಅದು ಒಂಟಿತನ. ಎಲ್ಲರೂ ತಲೆ ಆಡಿಸಿದರು. "ಅಮ್ಮಾ, ತಾವೂ ಎರಡು ಮಾತು ಹೇಳಿ," ಅಂದರು.

ಸರ್ವಮಂಗಳಮ್ಮ ಎದ್ದು ನಿಂತಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಸಭೆ ಕಂಡವಳಲ್ಲ.

"ನಮ್ಮನೇಲಿ ಕುರ್ಚಿ ಖಾಲಿ ಇರ್ಲಿಲ್ಲ ಸಾರ್. ಅವರು ತೀರ್ಕೊಂಡ್ ವಾರಕ್ಕೇ ಅದ್ರ ಮೇಲೆ ಒಗ್ದ ಬಟ್ಟೆ ರಾಶಿ ಬಿತ್ತು. ಇವತ್ತೂ ಅಲ್ಲೇ ಹಾಕ್ತೀನಿ." ಒಬ್ಬಿಬ್ಬರು ನಕ್ಕರು. "ಒಂಟಿ ಅನ್ನೋಕೆ ಅಷ್ಟ್ ದೊಡ್ಡ ಬಂಡೆ ಯಾಕೆ? ಅರ್ಧ ಪಾವು ಅಕ್ಕಿ ಅಳೆಯೋದು ತೋರ್ಸಿ, ಸಾಕು. ಅದ್ ಹೋಗ್ಲಿ. ಅವರ ದನಿ ಯಾಕ್ ತೆಗೆದ್ರಿ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬೆಟ್ಟದ ಮೇಲೆ ಬರೀ ಗಾಳಿ ಸದ್ದು ಅಮ್ಮಾ, ಅಂದರು. ಆಮೇಲೆ ಊರಲ್ಲಿ ಕೂತು ದನಿ ಕೂಡಿಸೋದು ನಮ್ಮ ಪದ್ಧತಿ. ಅಷ್ಟೊತ್ತಿಗೆ ಅವರೇ ಇರಲಿಲ್ಲ.

"ಇನ್ನೆಲ್ಲೂ ಇಲ್ವಾ?"

ಬೆಟ್ಟದಲ್ಲಿ ಹಿಡಿದ ಟೇಪುಗಳ ಮೇಲೆ ಆಮೇಲೆ ಬೇರೆ ಬೇರೆ ಚಿತ್ರ ಹಿಡಿದು ಎಲ್ಲ ಅಳಿಸಿ ಹೋಗಿತ್ತು. ಒಂದು ಉಳಿದಿತ್ತು. ಅದನ್ನು ನೋಡಲು ಮುಂದಿನ ಭಾನುವಾರ ಮಧ್ಯಾಹ್ನ ಅವಳು ಸಿಟಿ ಬಸ್ ಹತ್ತಿ ಒಬ್ಬಳೇ ಮೇಷ್ಟ್ರ ಮನೆಗೆ ಹೋದಳು.

ಟಿ.ವಿ.ಯಲ್ಲಿ ಒಬ್ಬ ಹೆಂಗಸು ಕಂಡಳು, ಚಿತ್ರದಲ್ಲಿ ಹೆಂಡತಿಯಾದವಳು. ಅವಳ ಮುಖ ಬಿಟ್ಟು ಬೇರೇನಿಲ್ಲ. "ಒಬ್ಬರು ಮಾತಾಡುವಾಗ ಕೇಳುವವರ ಮುಖವನ್ನೂ ಹಿಡೀತೀವಿ ಅಮ್ಮಾ. ನಿಮ್ಮ ಯಜಮಾನರು ಕ್ಯಾಮೆರಾ ಪಕ್ಕ ನಿಂತಿದಾರೆ, ಕಾಣಲ್ಲ," ಅಂದರು ಮೇಷ್ಟ್ರು.

ಮುಖ ಸಿಕ್ಕಲ್ಲಿ ದನಿ ಇರಲಿಲ್ಲ. ಇಲ್ಲಿ ಮುಖ ಇಲ್ಲ. ಸರ್ವಮಂಗಳಮ್ಮ ಟಿ.ವಿ.ಗೆ ಬೆನ್ನು ಹಾಕಿ ಕೂತಳು.

ಗಾಳಿ. ಗಾಳಿಯೊಳಗೆ ಒಡೆದ ಗಂಟಲು.

"ನಂಗೇನ್ ಕಾಯ್ತಾ ಕುಂತೀಯ? ಉಣ್ಣೋಗು."

"ಬರೆದ ಹಾಗೆ ಹೇಳಿ ಮಹಾಲಿಂಗಯ್ಯನವರೇ," ಟೇಪಿನಲ್ಲಿ ಮೇಷ್ಟ್ರು ಅಂದರು.

"ಹಂಗೆ ನಮ್ಮನೇಲಿ ಯಾರೂ ಮಾತಾಡಲ್ಲ ಸಾರ್. ನಮ್ಮಾಕೆಗೆ ಹಂಗಂದ್ರೆ, ಇವ್ರಿಗೇನೋ ಜ್ವರ ಬಂದೈತೆ ಅಂತ ಹಣೆ ಮುಟ್ಟಿ ನೋಡ್ತಾಳೆ."

ಟೇಪಿನೊಳಗಿನ ಜನ ನಕ್ಕರು. ಸರ್ವಮಂಗಳಮ್ಮನಿಗೂ ನಗು ಬಂದೇ ಬಿಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡಳು.

ಮತ್ತೆ ಹೇಳಿಸಿದರು. ಮತ್ತೆ ತಪ್ಪಿದರು. ಏಳು ಸಲ. ಏಳನೇ ಸಲ ಬರೆದ ಹಾಗೆ ಬಂತು, ಟೇಪು ಅಲ್ಲಿಗೆ ನಿಂತಿತು.

ಅವಳ ನಗು ಆರಿತ್ತು. ಇಪ್ಪತ್ತೆಂಟು ವರ್ಷ ಕೊನೇ ಟ್ರಿಪ್ ಮುಗಿಸಿ ಬರುವ ತನಕ ಮುದ್ದೆ ಮುಚ್ಚಿಟ್ಟು ಕಾದವಳು ಅವಳು. ಅವರು ಉಣ್ಣದೆ ಒಂದು ತುತ್ತೂ ಬಾಯಿಗೆ ಇಟ್ಟಿರಲಿಲ್ಲ. ಕಾಯಬೇಡ ಅಂತ ಆ ಮನುಷ್ಯ ಒಂದು ದಿನವೂ ಅಂದಿರಲಿಲ್ಲ. ಇಲ್ಲಿ ಯಾವಳೋ ಹೆಂಗಸಿಗೆ ಏಳು ಸಲ. ಸತ್ತವರ ಮೇಲೂ ಸಿಟ್ಟು ಬರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.

"ಕ್ಯಾಸೆಟ್‌ಗೆ ಹಾಕಿಕೊಡ್ತೀನಿ ಅಮ್ಮಾ. ಕೊನೇದು ಚೆನ್ನಾಗಿ ಬಂದಿದೆ, ಅದೊಂದು ಸಾಕಾ?"

"ಅದ್ ಬೇಡ ಸಾರ್. ತಪ್ಪು ಹೇಳಿದ್ದಷ್ಟೂ ಕೊಡಿ."

ಕ್ಯಾಸೆಟ್ ಮನೆಗೆ ಬಂತು. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹಚ್ಚುತ್ತಾಳೆ. ಹುತ್ರಿದುರ್ಗದ ಗಾಳಿ ಮನೆ ತುಂಬ ಬೀಸುತ್ತದೆ. ಉಣ್ಣೋಗು ಅನ್ನುತ್ತಾರೆ. ಅಷ್ಟು ಹೊತ್ತಿಗೆ ಅವಳದು ಉಂಡಾಗಿರುತ್ತದೆ. ಹನ್ನೆರಡಕ್ಕೇ ಉಣ್ಣುತ್ತಾಳೆ ಈಗ.