ನಾನು ನಿಲ್ಲಿಸದ ಜಾಗದಲ್ಲಿ ನನ್ನ ಗಾಡಿ

ಪೊಲೀಸರನ್ನು ಕಂಡರೆ ನನಗೆ ಹೆದರಿಕೆ. ತಪ್ಪು ಮಾಡಿದಾಗ ಮಾತ್ರ ಅಂತಲ್ಲ. ಮಾಡದಿದ್ದಾಗ ಇನ್ನೂ ಹೆಚ್ಚು. ತಪ್ಪು ಮಾಡಿದವನಿಗೆ ಏನು ಹೇಳಬೇಕೆಂದು ಗೊತ್ತಿರುತ್ತದೆ. ಮಾಡದವನು ಎಲ್ಲಿಂದ ಶುರು ಮಾಡಬೇಕು?

ನಮ್ಮ ಗಂಗಾವತಿಯ ಬಜಾರದಲ್ಲಿ ಒಂದು ರೂಢಿಯಿದೆ. ಬೈಕು ನಿಲ್ಲಿಸಿದವರು ಹ್ಯಾಂಡಲ್ ಲಾಕ್ ಮಾಡಬಾರದು. ಭತ್ತದ ಲಾರಿ ತಿರುಗಬೇಕಾದರೆ, ತಳ್ಳುಗಾಡಿ ಬಂದರೆ, ಯಾರಾದರೂ ಅದನ್ನು ಅತ್ತ ಸರಿಸುತ್ತಾರೆ; ಆಮೇಲೆ ಇತ್ತ ತರುತ್ತಾರೆ, ನೆನಪಿದ್ದರೆ. ಲಾಕ್ ಮಾಡಿದವನನ್ನು ಬಜಾರವೆಲ್ಲ ಸಣ್ಣ ಮನುಷ್ಯನೆಂದು ನೋಡುತ್ತದೆ. ಆ ನೋಟಕ್ಕೆ ಹೆದರಿ ನಾನೂ ಲಾಕ್ ಮಾಡುವುದಿಲ್ಲ. ನನ್ನ ಬಹಳಷ್ಟು ಸದ್ಗುಣಗಳು ಇಂಥ ಹೆದರಿಕೆಯಿಂದಲೇ ಬಂದವು.

ಆ ಸಂಜೆ ಬಿಳಿ ಗೆರೆಯ ಒಳಗೇ ಬೈಕು ನಿಲ್ಲಿಸಿ ಔಷಧಿ ಅಂಗಡಿಗೆ ಹೋದೆ. ಹೊರಬಂದಾಗ ಅದು ರಸ್ತೆಯ ಆಚೆ, ‘ನಿಲುಗಡೆ ನಿಷೇಧ’ದ ಫಲಕದ ಕೆಳಗೆ, ಸೀಟಿನ ಮೇಲೆ ದಂಡದ ನೋಟೀಸು ಅಂಟಿಸಿಕೊಂಡು ನಿಂತಿತ್ತು. ನಾನು ನಿಲ್ಲಿಸಿದ್ದ ಜಾಗದಲ್ಲಿ ಶರಣಮ್ಮನ ಮಿರ್ಚಿ ಗಾಡಿ, ಎಣ್ಣೆ ಕಾಯುತ್ತಿತ್ತು.

“ನಾನಽ ಸರಿಸೀನ್ರೀ ಸರ. ಹೊಳ್ಳಿ ಇಡೂದ್ರಾಗ ಹವಾಲ್ದಾರ ಬಂದ್ನಲ್ರಿ,” ಎಂದಳು.

ನಾನು ಭೂಮಾಪಕ. ಎರಡು ಹೊಲಗಳ ನಡುವೆ ಬಾಂದುಕಲ್ಲು ಎಲ್ಲಿತ್ತೆಂದು ಹೇಳಿ ಸಂಬಳ ಪಡೆಯುವವನು. ನನ್ನ ಬೈಕು ಎಲ್ಲಿತ್ತೆಂದು ಹೇಳಲಾರೆನೇ? ಮರುದಿನ ಧೈರ್ಯ ಮಾಡಿ ಠಾಣೆಗೆ ಹೋದೆ. ಬೆಂಚಿನ ಮೇಲೆ ಕಾಯುತ್ತಿದ್ದಂತೆ ನಾನು ಎಂದೂ ಮಾಡದ ತಪ್ಪುಗಳೆಲ್ಲ ಒಂದೊಂದಾಗಿ ನೆನಪಾಗತೊಡಗಿದವು.

ಠಾಣೆಯ ಸಾಹೇಬರು ಮೆತ್ತಗೆ ಮಾತಾಡುವವರು. ಅದೇ ಹೆಚ್ಚು ಹೆದರಿಸಿತು. ನೋಟೀಸು ಅಂಟಿಸಿದ ಹವಾಲ್ದಾರ ಪಕ್ಕದಲ್ಲೇ ನಿಂತಿದ್ದ.

“ನೀವು ಇಟ್ಟಿಲ್ಲಂದ್ರ ಗಾಡಿ ತಾನಽ ನಡಕೊಂತ ಹೋತೇನ್ರಿ?” ಸಾಹೇಬರು ಕೇಳಿದರು.

“ಯಾರೋ ಸರಿಸ್ಯಾರ್ರಿ.”

“ಯಾರು? ಹೆಸರು ಹೇಳ್ರಿ, ನಿಮ್ಮ ದಂಡ ಬಿಡ್ತೀನಿ. ಈ ತಳ್ಳುಗಾಡಿಯವರದು ಭಾಳ ಆಗೇತಿ. ಹೆಸರು ಸಿಕ್ಕರ ಅವರ ಗಾಡಿ ಇವತ್ತಽ ಎತ್ತಿಸ್ತೀನಿ.”

ಹೆಸರು ನಾಲಿಗೆಯ ತುದಿಯಲ್ಲಿತ್ತು. ಶರಣಮ್ಮನ ಮನೆ, ಅವಳ ಇಬ್ಬರು ಹೆಣ್ಣುಮಕ್ಕಳ ಶಾಲೆ, ಎಲ್ಲವೂ ಆ ಗಾಡಿಯ ಮೇಲೇ ನಡೆಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ಕಡಲೆಹಿಟ್ಟಿನ ವಾಸನೆ. ನನ್ನ ಪರವಾಗಿ ಸಾಕ್ಷಿ ಹೇಳಲು ಅವಳೇ ಬಂದು ನಿಂತಿದ್ದಳು!

“ಸಾಹೇಬ್ರಽ, ಆ ಗಾಡಿ...”

“ನೀ ಯಾರಬೇ?”

“ನಮ್ಮ ಬೀಗರ್ರಿ,” ಎಂದೆ. ಧ್ವನಿ ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. “ನನ್ನ ಕರಕೊಂಡು ಹೋಗಾಕ ಬಂದಾರ. ಗಾಡಿ ನಾನಽ ಅಲ್ಲಿ ಇಟ್ಟಿದ್ದೆ. ಮರತಿದ್ದೆ.”

ಸಾಹೇಬರು ಹವಾಲ್ದಾರನತ್ತ ತಿರುಗಿದರು. “ಬಜಾರದಾಗ ಈಕೀನ್ನ ಎಲ್ಲೆರ ನೋಡೀಯೇನು?”

ಅವನು ದಿನವೂ ಅವಳ ಗಾಡಿಯಲ್ಲಿ ಮಿರ್ಚಿ ತಿನ್ನುವವನು. ಒಂದು ಮಾತು ಸಾಕಿತ್ತು. ನನ್ನ ಸುಳ್ಳೂ ಅವಳ ಗಾಡಿಯೂ ಒಟ್ಟಿಗೇ ಹೋಗುತ್ತಿದ್ದವು. ಅವನು ಮೇಲೆ ಫ್ಯಾನು ನೋಡಿದ.

“ಇಲ್ರಿ ಸಾಹೇಬ್ರ. ಬೀಗರಽ ಇರಬೇಕ್ರಿ. ಇಬ್ಬರದೂ ಮೂಗು ಒಂದಽ ನಮೂನಿ ಐತಿ.”

ಬೀಗರ ಮೂಗು ಹೋಲುವುದು ಎಂಥ ಸಂಬಂಧವೆಂದು ಸಾಹೇಬರು ಕೇಳಲಿಲ್ಲ. ನಮ್ಮ ಮೂವರನ್ನೂ ಬಹಳ ಹೊತ್ತು ನೋಡಿ, ರಸೀದಿ ಪುಸ್ತಕ ಎಳೆದುಕೊಂಡರು.

ಹೊರಗೆ ಬಂದ ಮೇಲೆ ಶರಣಮ್ಮ ಸಿಟ್ಟಾದಳು. “ನಾ ಖರೇ ಹೇಳಾಕ ಬಂದ್ರ ನೀವು ಸುಳ್ಳು ಹೇಳಿದ್ರೆಲ್ರಿ ಸರ! ನಿಮಗೂ ಹೆಣ್ಣುಮಕ್ಕಳು, ನನಗೂ ಹೆಣ್ಣುಮಕ್ಕಳು. ಯಾ ಕಡಿಂದ ಬೀಗರು?”

ನಾನು ದಂಡದ ರಸೀದಿ ಮಡಚಿ ಜೇಬಿಗೆ ಹಾಕಿಕೊಂಡೆ.

ಸಂಜೆ ಅವಳ ಗಾಡಿಯ ಮುಂದೆ ಹವಾಲ್ದಾರ ನಿಂತಿದ್ದ. “ಬೀಗರು ಬಂದ್ರು, ಅವರಿಗೆ ಮೊದಲ ಹಾಕಬೇ,” ಎಂದ. ನನ್ನ ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ತುತ್ತಿಗೊಮ್ಮೆ ಕತ್ತು ಹೊರಳಿಸಿ ಸಾಹೇಬರ ಜೀಪು ಬಂತೇನೋ ಎಂದು ನೋಡುತ್ತಿದ್ದೆ. ಪಕ್ಕಕ್ಕೆ ನೋಡಿದರೆ ಹವಾಲ್ದಾರನೂ ಅದನ್ನೇ ಮಾಡುತ್ತಿದ್ದ. ನಾನು ಈ ಕಡೆಯ ರಸ್ತೆ ನೋಡಿಕೊಂಡೆ, ಅವನು ಆ ಕಡೆಯದು. ಇಬ್ಬರೂ ನಿಶ್ಚಿಂತೆಯಿಂದ ತಿಂದೆವು.