ಸೋಗೆ ಬಿಚ್ಚಿಸಿದ ಮೇಷ್ಟ್ರು

ಸಿಂಧಘಟ್ಟದ ಕಡೆಯ ಶಾಲೆಯೊಂದರಲ್ಲಿ ನಾನು ಕನ್ನಡ ಹೇಳಿಕೊಡುತ್ತಿದ್ದಾಗ ಲೆಕ್ಕದ ಮೇಷ್ಟ್ರೊಬ್ಬರಿದ್ದರು. ತೆಂಗಿನ ಕಡ್ಡಿಗಳನ್ನು ಹತ್ತತ್ತಾಗಿ ಕಬ್ಬಿನ ಸೋಗೆಯಲ್ಲಿ ಕಟ್ಟಿ, ಶರಟಿನ ಜೇಬಿಗೆ ಸಿಕ್ಕಿಸಿಕೊಂಡೇ ತರಗತಿಗೆ ಬರುವರು. ಕೂಡುವಾಗ ಹತ್ತು ತುಂಬಿದರೆ "ಕಟ್ರಲಾ", ಕಳೆಯುವಾಗ ಸಾಲದಿದ್ದರೆ "ಬಿಚ್ರಲಾ". ಅವರ ಪಾಠವೆಲ್ಲ ಇಷ್ಟೇ.

ಕಬ್ಬು ಕಡಿಯುವವರ ಮನೆಯ ಹುಡುಗಿಯೊಬ್ಬಳಿಗೆ ಕೂಡುವುದು ಸಲೀಸು, ಕಳೆಯುವುದು ಮಾತ್ರ ಬಾರದು. ಉಳಿದವರು ನಗುತ್ತಾರೆಂದು ಒಂದು ದಿನ, ನಾಳೆಯಿಂದ ಸ್ಕೂಲಿಗೇ ಬರುವುದಿಲ್ಲ ಎಂದುಬಿಟ್ಟಿದ್ದಳು. ಮೇಷ್ಟ್ರು ಅವಳ ಕೈಗೆ ಮೂರು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, "ಇದ್ರಲ್ಲಿ ಏಳು ಕೊಡವ್ವ" ಎಂದರು. ಅವಳು ಬಿಡಿ ಕಡ್ಡಿ ಎರಡನ್ನೂ ಕೊಟ್ಟು, ಕಟ್ಟುಗಳನ್ನು ಹಾಗೇ ಹಿಡಿದುಕೊಂಡಳು.

"ಒಂದು ಕಟ್ಟು ಬಿಚ್ಚವ್ವ."

"ಊಹೂಂ. ಕಟ್ಟಿದ್ ಕಬ್ಬಿನ್ ಕಟ್ಟ ಗದ್ದೇಲಿ ಬಿಚ್ಚಿದ್ರೆ ನಮ್ಮಪ್ಪ ಬಯ್ತದೆ ಸಾ."

ಮಕ್ಕಳು ಗೊಳ್ಳೆಂದರು. ಮೇಷ್ಟ್ರು ನಗದೆ ಅವಳ ಪಕ್ಕ ನೆಲಕ್ಕೆ ಕೂತರು.

"ನಿಮ್ಮಪ್ಪ ಹೇಳದು ಸರಿ ಕಣವ್ವ. ಆದ್ರೆ ಆಲೆಮನೇಲಿ ಬಿಚ್ದೆ ಗಾಣಕ್ಕೆ ಕೊಡಕಾಯ್ತದಾ? ಇದು ಆಲೆಮನೆ ಅನ್ಕೊ."

ಅವಳು ಸೋಗೆ ಬಿಚ್ಚಿ, ಇನ್ನೈದು ಕಡ್ಡಿ ಎಣಿಸಿಕೊಟ್ಟಳು.

"ಉಳುದಿದ್ದ ಕಟ್ಬುಡವ್ವ ಮತ್ತೆ."

"ಎಂಗ್ ಕಟ್ಟದು ಸಾ? ಐದೇ ಅವೆ!"

ಮಾರನೆಯ ಬೆಳಿಗ್ಗೆ ಅವಳು ಬಂದಳು, ಕೈಯಲ್ಲಿ ಹಸಿ ಸೋಗೆ ಹಿಡಿದುಕೊಂಡು.